ತೋಟದ ಬುಡಕ್ಕೆ ಬಂದ ಹಸಿರು ಚಕ್ಕೆ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ರೈತ ವಿಚಾರಗೋಷ್ಠಿಯಲ್ಲಿ ತೋಟಗಾರಿಕೆ ಉಪಸಮಿತಿಯ ಪರವಾಗಿ ಮಾಡಿದ ಭಾಷಣ. ಸದಸ್ಯರ ಅಪೇಕ್ಷೆಯಂತೆ ಆಡಿದ ಹಾಗೆಯೇ ಅಚ್ಚು ಮಾಡಲಾಗಿದೆ.)



ಬೆಳಿಗ್ಗೆಯಿಂದ ಇಲ್ಲಿ ಮಾತನಾಡಿದವರೆಲ್ಲ ನಮ್ಮ ಸಂಘ ಇಪ್ಪತ್ತೈದು ವರ್ಷದಲ್ಲಿ ಬೆಳೆದ ಬಗೆಯನ್ನು ಸೊಗಸಾಗಿ ಹೇಳಿದ್ದಾರೆ. ಬಾಡಿಗೆ ಕೋಣೆಯಲ್ಲಿ ಒಂದು ತಕ್ಕಡಿ, ಒಂದು ಕಬ್ಬಿಣದ ಪೆಟ್ಟಿಗೆಯಿಂದ ಶುರುವಾದದ್ದು ಇವತ್ತು ಸ್ವಂತ ಗೋದಾಮಿನವರೆಗೆ ಬಂದಿದೆ. ಅದರಲ್ಲಿ ನಮಗೂ ಹೆಮ್ಮೆ ಇದೆ. ಆದರೆ ನಮ್ಮ ಉಪಸಮಿತಿಗೆ ಕೊಟ್ಟಿರುವ ವಿಷಯ ‘ತೋಟದ ಮುಚ್ಚಿಗೆ’. ಗೋದಾಮಿನ ಹಿಂದೆ ನೀಲಿ ಟಾರ್ಪಾಲಿನ ಅಡಿಯಲ್ಲಿ ಬಿದ್ದಿರುವ ರಾಶಿಯ ಸುದ್ದಿ ಎತ್ತದೆ ಮುಚ್ಚಿಗೆಯ ಬಗ್ಗೆ ಭಾಷಣ ಮಾಡಿದರೆ ನಾವು ನಿಮಗೆ ಸುಳ್ಳು ಹೇಳಿದ ಹಾಗೆ. “ಹಬ್ಬದ ದಿನ ಇದೆಲ್ಲ ಯಾಕೆ ಮಾರಾಯ್ರೆ, ಮಹಾಸಭೆಯಲ್ಲಿ ನೋಡಿಕೊಂಡರಾಯಿತು” ಎಂದು ನಿರ್ದೇಶಕರಲ್ಲಿ ಒಬ್ಬಿಬ್ಬರು ಪ್ರೀತಿಯಿಂದಲೇ ಹೇಳಿದರು. ಮಹಾಸಭೆ ಇರುವುದು ಮಳೆಗಾಲ ಹಿಡಿದ ಮೇಲೆ. ಈ ವಿಷಯ ಮಳೆಗಾಲಕ್ಕೆ ಕಾಯುವುದಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇವೆ.

ಮೊದಲು ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇವೆ, ಕೆಲವರಿಗೆ ಅರ್ಧ ಮಾತ್ರ ಗೊತ್ತು. ನಮ್ಮ ಹಿರಿಯರು ತೋಟಕ್ಕೆ ಬೆಟ್ಟದ ಸೊಪ್ಪು, ದರಕು ಬಿಟ್ಟು ಬೇರೆ ಏನನ್ನೂ ಹಾಕಿದವರಲ್ಲ. ಉತ್ತರ ಕನ್ನಡದ ಕಡೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆ ಸೊಪ್ಪಿನಬೆಟ್ಟ ಎಂಬ ಲೆಕ್ಕವೇ ಇತ್ತು. ಈಗ ಬೆಟ್ಟವೂ ಬೋಳಾಗಿದೆ, ಸೊಪ್ಪು ಕಡಿದು ಹೊರುವ ಆಳೂ ಸಿಗುವುದಿಲ್ಲ. ಹೀಗಿರುವಾಗ ಕಳೆದ ಚಳಿಗಾಲದಲ್ಲಿ ಪಟ್ಟಣದ ಒಬ್ಬ ವ್ಯಾಪಾರಿ ಸಂಘಕ್ಕೆ ಬಂದು ಮರದ ಚಕ್ಕೆ ಕೊಡುತ್ತೇನೆ ಎಂದ. ಯಂತ್ರದಲ್ಲಿ ಸಣ್ಣಗೆ ಕೊಚ್ಚಿದ್ದು, ನೋಡಲು ಚೆಂದ, ದರಕಿನ ಅರ್ಧ ಬೆಲೆಯೂ ಬೀಳುವುದಿಲ್ಲ, ಲಾರಿ ಬಾಗಿಲಿಗೇ ಬರುತ್ತದೆ. ಖರೀದಿಗೆ ಒಪ್ಪಿಗೆ ಹಾಕಿದವರಲ್ಲಿ ನಮ್ಮ ಉಪಸಮಿತಿಯ ಮೂವರೂ ಇದ್ದೆವು. ಆದ್ದರಿಂದ ಇವತ್ತು ಬೇರೆ ಯಾರನ್ನೋ ದೂರಲು ನಾವು ಇಲ್ಲಿ ನಿಂತಿಲ್ಲ. “ಯಾವ ಮರದ್ದು?” ಎಂದು ಕೇಳಿದ್ದೆವು ನಿಜ. “ಕಾಡುಜಾತಿ, ಪ್ಯಾಕಿಂಗ್ ಮರ, ಎಲ್ಲ ಒಣಗಿದ್ದು” ಎಂದ. ಅಷ್ಟಕ್ಕೇ ತಲೆ ಆಡಿಸಿದೆವು.

ಮೂರು ಲೋಡು ಬಂತು. ಎರಡು ಲೋಡು ಹದಿನೇಳು ಸದಸ್ಯರ ತೋಟಕ್ಕೆ ಹೋಯಿತು. ಮೂರನೆಯದನ್ನು ಹಂಚುವ ಹೊತ್ತಿಗೆ ಹೊಳೆಬದಿಯ ತೋಟದ ಒಬ್ಬ ಅಮ್ಮ ಮಡಿಲಲ್ಲಿ ಒಂದು ಹಿಡಿ ಚಕ್ಕೆ ಕಟ್ಟಿಕೊಂಡು ಸಂಘಕ್ಕೆ ಬಂದರು. “ಇದು ಎಂಥ ಮರ ಮಾರಾಯ? ಬೋರ್ಡೋ ಹೊಡೆದ ಕೊನೆಯ ಹಾಗೆ ಹಸಿರು ಇದೆ. ಇನ್ನು ಕೆಲವು ಡಾಂಬರು ನಾರುತ್ತದೆ. ಕರು ಮೂಸಿ ಹಿಂದೆ ಸರಿಯಿತು” ಎಂದರು. ನಾವು ಓದಿದವರು ನೋಡದೆ ಬಿಟ್ಟದ್ದನ್ನು ಅವರು ನೋಡಿದರು. ಕೊಳೆರೋಗಕ್ಕೆ ತುತ್ತ-ಸುಣ್ಣ ಕಲಸಿ ಜೀವಮಾನ ಕಳೆದವರ ಕಣ್ಣು ಅದು. ಆ ಹಸಿರು ತಾಮ್ರದ ಹಸಿರೇ.

ಅಂದಿನಿಂದ ನಾವು ಮೂವರು ಸಿಕ್ಕಿದ್ದನ್ನು ಓದಿದೆವು, ತಿಳಿದವರನ್ನು ಕೇಳಿದೆವು. ಅದರ ಸಾರ ನಿಮ್ಮ ಮುಂದೆ ಇಡುತ್ತೇವೆ.

ಮರವನ್ನು ಹೊರಗೆ ಮಳೆಬಿಸಿಲಿಗೆ ನಿಲ್ಲಿಸಿದರೆ ಗೆದ್ದಲು ಹಿಡಿಯುತ್ತದೆ, ಕೊಳೆಯುತ್ತದೆ. ಅದನ್ನು ತಡೆಯಲು ಮರಕ್ಕೆ ಔಷಧಿ ಕುಡಿಸುತ್ತಾರೆ. ಮೇಲೆ ಬಳಿಯುವುದಲ್ಲ. ದೊಡ್ಡ ಉಕ್ಕಿನ ಕೊಳವೆಯೊಳಗೆ ಮರ ತುಂಬಿ, ಗಾಳಿ ಹೀರಿ, ಒತ್ತಡದಲ್ಲಿ ಔಷಧಿಯ ನೀರನ್ನು ಒಳಕ್ಕೆ ನುಗ್ಗಿಸುತ್ತಾರೆ. ಈ ಔಷಧಿಗಳಲ್ಲಿ ಲೋಕಪ್ರಸಿದ್ಧವಾದದ್ದು ಕ್ರೋಮಿಯಂ, ತಾಮ್ರ, ಆರ್ಸೆನಿಕ್ ಮೂರೂ ಸೇರಿದ್ದು. ಇಂಗ್ಲಿಷಿನಲ್ಲಿ ಮೂರರ ಮೊದಲಕ್ಷರ ಹಿಡಿದು ಸಿಸಿಎ ಎನ್ನುತ್ತಾರೆ. ಆರ್ಸೆನಿಕ್ ಎಂದರೆ ನಮ್ಮ ಹಳಬರು ಪಾಷಾಣ ಎನ್ನುತ್ತಿದ್ದ ವಸ್ತುವಿನ ಮೂಲ. ಇದರಲ್ಲಿ ತಾಮ್ರ ಬೂಷ್ಟನ್ನು ತಡೆಯುತ್ತದೆ, ಪಾಷಾಣ ಗೆದ್ದಲನ್ನು ಕೊಲ್ಲುತ್ತದೆ, ಕ್ರೋಮಿಯಂ ಎರಡನ್ನೂ ಮರದ ನಾರಿಗೆ ಕಚ್ಚಿಸಿ ಹಿಡಿಯುತ್ತದೆ. ಒಂಥರಾ ಅಂಟಿನ ಕೆಲಸ.

ಇದು ಪರದೇಶದವರು ಕಂಡುಹಿಡಿದ ವಸ್ತು ಎಂದು ನಾವೂ ತಿಳಿದಿದ್ದೆವು. ಅಲ್ಲ. 1933ರಲ್ಲಿ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ಸೊಂಟಿ ಕಾಮೇಶಂ ಎಂಬ ನಮ್ಮವರೇ ಕಂಡುಹಿಡಿದದ್ದು. ಆರ್ಸೆನಿಕ್ಕಿನ ‘ಆಸ್’, ಕಾಪರಿನ ‘ಕು’ ಸೇರಿಸಿ ‘ಆಸ್ಕು’ ಎಂದು ಹೆಸರಿಟ್ಟರು. 1938ರಲ್ಲಿ ಅಮೆರಿಕದಲ್ಲಿ ಅದಕ್ಕೆ ಪೇಟೆಂಟೂ ಸಿಕ್ಕಿತು. ಅವರನ್ನು ಇಲ್ಲಿ ಹಳಿಯಬಾರದು. ಕಂಬ, ಸೇತುವೆ, ಸ್ಲೀಪರ್ ಎಂದು ಎಕರೆಗಟ್ಟಲೆ ಸಾಗುವಾನಿ ಕಡಿದುಹಾಕುತ್ತಿದ್ದ ಕಾಲ ಅದು. ಬೇಗ ಹಾಳಾಗುವ ಸಾಧಾರಣ ಮರವನ್ನು ಮೂವತ್ತು, ನಲವತ್ತು ವರ್ಷ ನಿಲ್ಲಿಸುವ ಉಪಾಯ ಸಿಕ್ಕಿದ್ದು ಕಾಡಿಗೆ ಉಪಕಾರವೇ. ನಮ್ಮ ದೇಶದ ಮರ ಸಂರಕ್ಷಣೆಯ ಮಾನಕ, ಐಎಸ್ 401, ಅದರಲ್ಲಿಯೂ ಈ ಔಷಧಿಗೆ ಜಾಗ ಇದೆ. ಕಾರ್ಖಾನೆಗಳಲ್ಲಿ ಬಿಸಿನೀರು ಆರಿಸುವ ಕೂಲಿಂಗ್ ಟವರಿನ ಮರ, ವಿದ್ಯುತ್ ಕಂಬ, ಬೇಲಿ ಗೂಟ ಇವಕ್ಕೆಲ್ಲ ಇದನ್ನು ಕುಡಿಸಿದ್ದಾರೆ.

ಹಾಗಾದರೆ ತಪ್ಪು ಎಲ್ಲಿ? ಕಂಬ ಕಂಬವಾಗಿ ನಿಂತಿರುವ ತನಕ ದೊಡ್ಡ ಅಪಾಯ ಇಲ್ಲ. ಅದರ ಆಯುಷ್ಯ ಮುಗಿದು ಗುಜರಿಗೆ ಬಂದ ಮೇಲೆ ಅದು ಯಾವ ಮರ, ಏನು ಕುಡಿದಿದೆ ಎಂಬುದು ಯಾರಿಗೂ ನೆನಪಿರುವುದಿಲ್ಲ. ಎಲ್ಲವನ್ನೂ ಒಟ್ಟಿಗೆ ಯಂತ್ರಕ್ಕೆ ಹಾಕಿ ಕೊಚ್ಚುತ್ತಾರೆ. ಕಂಬಕ್ಕೂ ಚಕ್ಕೆಗೂ ಇರುವ ವ್ಯತ್ಯಾಸವನ್ನು ಒಂದು ಸಣ್ಣ ಲೆಕ್ಕದಲ್ಲಿ ಹೇಳುತ್ತೇವೆ, ಶಾಲೆಯ ಮಕ್ಕಳೂ ಮಾಡಿ ನೋಡಬಹುದು. ಹತ್ತು ಸೆಂಟಿಮೀಟರಿನ ಒಂದು ಮರದ ಘನ ತುಂಡಿಗೆ ಸುತ್ತಲೂ ಇರುವ ಮೈ 600 ಚದರ ಸೆಂಟಿಮೀಟರ್. ಅದನ್ನೇ ಒಂದೊಂದು ಸೆಂಟಿಮೀಟರಿನ ಸಾವಿರ ಚೂರು ಮಾಡಿದರೆ ಒಟ್ಟು ಮೈ 6,000 ಚದರ ಸೆಂಟಿಮೀಟರ್. ಮರ ಅಷ್ಟೇ, ವಿಷ ಅಷ್ಟೇ, ಮಳೆಗೆ ಒಡ್ಡಿಕೊಳ್ಳುವ ಮೈ ಹತ್ತು ಪಟ್ಟು. ನಮ್ಮಲ್ಲಿ ಬೀಳುವುದು ನೂರು ಇಂಚು ಮಳೆ!

ಇನ್ನೊಂದು ಲೆಕ್ಕ. ಅಮೆರಿಕದಲ್ಲಿ ಮನೆಬಳಕೆಯ ಮರಕ್ಕೆ ಒಂದು ಘನ ಮೀಟರಿಗೆ ಸುಮಾರು 4 ಕಿಲೋ ಔಷಧಿ ಕುಡಿಸುವುದು ಸಾಮಾನ್ಯವಾಗಿತ್ತು. ಅದರಲ್ಲಿ ನೂರಕ್ಕೆ 34 ಪಾಲು ಪಾಷಾಣದ ಆಕ್ಸೈಡು. ಅದನ್ನು ಭಾಗಿಸುತ್ತಾ ಹೋದರೆ ಒಣಮರದ ಒಂದು ಕಿಲೋದಲ್ಲಿ ಸರಿಸುಮಾರು ಒಂದು ಮುಕ್ಕಾಲು ಗ್ರಾಂ ಆರ್ಸೆನಿಕ್ ಇರುತ್ತದೆ. ಅಷ್ಟೇನಾ ಅನ್ನಬಹುದು. ಕುಡಿಯುವ ನೀರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಅಂದರೆ ಆ ಒಂದು ಕಿಲೋ ಮರದಲ್ಲಿರುವುದೆಲ್ಲ ಕರಗಿತು ಎಂದಿಟ್ಟುಕೊಂಡರೆ ಒಂದು ಲಕ್ಷದ ಎಪ್ಪತ್ತೈದು ಸಾವಿರ ಲೀಟರ್ ನೀರು ಆ ಮಿತಿಗೆ ಬಂದು ಮುಟ್ಟುತ್ತದೆ. ಹತ್ತಡಿ ಅಗಲದ ಬಾವಿಯಲ್ಲಿ ಹತ್ತಡಿ ನೀರಿದ್ದರೆ ಅದು ಸುಮಾರು 22 ಸಾವಿರ ಲೀಟರ್. ಅಂಥ ಎಂಟು ಬಾವಿ. ಎಲ್ಲ ಒಮ್ಮೆಗೇ ಕರಗುವುದಿಲ್ಲ, ಅದು ನಿಜ. ಆದರೆ ಲೋಡಿನಲ್ಲಿ ಬರುವುದು ಒಂದು ಕಿಲೋ ಅಲ್ಲವಲ್ಲ. ಒಂದು ಟನ್ ಚಕ್ಕೆಯಲ್ಲಿ ನೂರಕ್ಕೆ ಒಂದೇ ಪಾಲು ಇಂಥ ಮರ ಬೆರೆತಿದ್ದರೂ ಹತ್ತು ಕಿಲೋ ಆಯಿತು.

ಈ ಪಾಡು ಅನುಭವಿಸಿದವರು ಅಮೆರಿಕದ ಫ್ಲಾರಿಡಾ ರಾಜ್ಯದವರು. ಅಲ್ಲಿ ಸೆಕೆ, ಮಳೆ, ಗೆದ್ದಲು ಎಲ್ಲ ಹೆಚ್ಚು. ಹಾಗಾಗಿ ಔಷಧಿ ಕುಡಿಸಿದ ಮರದ ಬಳಕೆಯೂ ಹೆಚ್ಚು. ಮಣ್ಣು ಮರಳು, ಕೆಳಗೆ ಸ್ವಲ್ಪದರಲ್ಲೇ ಅಂತರ್ಜಲ. ಹಳೆ ಮನೆ ಕೆಡವಿದಾಗ ಬಂದ ಮರವನ್ನು ಕೊಚ್ಚಿ, ಕೆಂಪು ಬಣ್ಣ ಹಾಕಿ, ಹೂದೋಟದ ಮುಚ್ಚಿಗೆ ಎಂದು ಚೀಲದಲ್ಲಿ ಮಾರುತ್ತಿದ್ದರು. ಮಯಾಮಿ ವಿಶ್ವವಿದ್ಯಾಲಯದ ಹೆಲೆನಾ ಸೋಲೊ-ಗೇಬ್ರಿಯೆಲ್, ಫ್ಲಾರಿಡಾ ವಿಶ್ವವಿದ್ಯಾಲಯದ ತಿಮೋಥಿ ಟೌನ್‌ಸೆಂಡ್ ಇವರ ತಂಡದವರು ವರ್ಷಗಟ್ಟಲೆ ಇಂಥ ಚಕ್ಕೆಯನ್ನು ಪರೀಕ್ಷೆ ಮಾಡಿದರು. ಅದರಲ್ಲಿ ಪಾಷಾಣ ಇರುವುದೂ, ನೀರಿಗೆ ಬಿಟ್ಟುಕೊಳ್ಳುವುದೂ ಕಂಡುಬಂತು. ಕೆಂಪು ಬಣ್ಣ ಹಾಕಿದರೆ ಹಸಿರು ಕಣ್ಣಿಗೆ ಬೀಳುವುದೇ ಇಲ್ಲ, ನೋಡಿ. ನಮ್ಮ ವ್ಯಾಪಾರಿ ಬಣ್ಣ ಹಾಕಿರಲಿಲ್ಲ, ಅದೊಂದು ಪುಣ್ಯ.

ಅಮೆರಿಕದ ಸರ್ಕಾರ 2002ರ ಫೆಬ್ರವರಿಯಲ್ಲಿ ತಯಾರಕರೊಡನೆ ಮಾತಾಡಿ, 2003ರ ಡಿಸೆಂಬರ್ 31ರ ನಂತರ ಮನೆಬಳಕೆಯ ಮರಕ್ಕೆ ಈ ಔಷಧಿ ಕುಡಿಸುವುದು ಬೇಡ ಎಂದು ನಿಲ್ಲಿಸಿತು. ಹೊಸದು ನಿಂತಿತು, ಹಳೆಯದು ಎಲ್ಲಿಗೆ ಹೋಗುತ್ತದೆ? 2005ರಲ್ಲಿ ಕತ್ರೀನಾ ಚಂಡಮಾರುತ ಬಂದು ಮನೆಮಠ ಕಿತ್ತುಹಾಕಿತಲ್ಲ, ಆ ಅವಶೇಷದ ಮರದಲ್ಲೇ 1,740 ಟನ್ ಆರ್ಸೆನಿಕ್ ಇತ್ತು ಎಂದು ಅದೇ ಸಂಶೋಧಕರ ಅಂದಾಜು. ಮರ ಸತ್ತರೂ ಅದಕ್ಕೆ ಕುಡಿಸಿದ್ದು ಸಾಯುವುದಿಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ನಮ್ಮಲ್ಲಿದೆ, ಅದನ್ನು ಹೇಳಲೇಬೇಕು. “ಗೊಬ್ಬರಗುಂಡಿಗೆ ಹಾಕಿದರೆ ಎಲ್ಲ ಕೊಳೆತು ಮಣ್ಣಾಗುತ್ತದೆ” ಎಂದು ಕೆಲವರು ವಾದ ಮಾಡಿದರು. ಸೊಪ್ಪು ಕೊಳೆಯುತ್ತದೆ, ಮರ ಕೊಳೆಯುತ್ತದೆ, ಕೀಟನಾಶಕಗಳಲ್ಲೂ ಎಷ್ಟೋ ಒಡೆದು ಹೋಗುತ್ತವೆ. ಆರ್ಸೆನಿಕ್ ಮೂಲವಸ್ತು, ಅದಕ್ಕೆ ಒಡೆಯುವುದೆಂಬುದೇ ಇಲ್ಲ. ಮರ ಕೊಳೆತು ಕಡಿಮೆಯಾದಷ್ಟೂ ಉಳಿದದ್ದರಲ್ಲಿ ಅದರ ಪಾಲು ಜಾಸ್ತಿಯಾಗುತ್ತದೆ. ಗುಂಡಿಗೆ ಹಾಕಿದವರು ಇಬ್ಬರಿದ್ದಾರೆ. ಅವರ ಹೆಸರು ನಾವು ಹೇಳುವುದಿಲ್ಲ, ಆದರೆ ಆ ಗೊಬ್ಬರ ಗದ್ದೆಗೆ ಹೋಗಬಾರದು.

ಗದ್ದೆ ಎಂದದ್ದಕ್ಕೆ ಕಾರಣ ಇದೆ. ನಮ್ಮ ಕೆಂಪು ಜಂಬಿಟ್ಟಿಗೆ ಮಣ್ಣಿನಲ್ಲಿ ಕಬ್ಬಿಣ ಹೇರಳ. ಆ ಕಬ್ಬಿಣ ಪಾಷಾಣವನ್ನು ಹಿಡಿದಿಟ್ಟುಕೊಳ್ಳುತ್ತದೆ, ಬೇಗ ಕೆಳಗಿಳಿಯಲು ಬಿಡುವುದಿಲ್ಲ. ಇದು ನಮ್ಮ ಅದೃಷ್ಟವೇ. ಮರಳು ಮಣ್ಣಿನ ಫ್ಲಾರಿಡಾದಷ್ಟು ಬೇಗ ನಮ್ಮ ಬಾವಿಗೆ ಇಳಿಯಲಾರದು. ಅಡಿಕೆ ಮರದ ಬುಡದಲ್ಲಿ ಬಿದ್ದದ್ದು ಹೆಚ್ಚಿನಂಶ ಮೇಲ್ಮಣ್ಣಿನಲ್ಲೇ ಕೂತಿರುತ್ತದೆ. ಆದರೆ ನಮ್ಮ ತೋಟದ ಅಡಿಗೇ ಗದ್ದೆ. ಮಳೆಗಾಲದಲ್ಲಿ ಮೇಲ್ಮಣ್ಣು ತೊಳೆದು ಬಸಿಗಾಲುವೆಯಲ್ಲಿ ಹೋಗುವುದು ಅಲ್ಲಿಗೇ. ಗದ್ದೆಯಲ್ಲಿ ನೀರು ನಿಂತು ಮಣ್ಣಿಗೆ ಗಾಳಿ ಇಲ್ಲದಾದಾಗ ಇದೇ ಕಬ್ಬಿಣ ಕರಗಿ, ಹಿಡಿದಿಟ್ಟ ಪಾಷಾಣವನ್ನು ಬಿಟ್ಟುಕೊಡುತ್ತದೆ. ಬೇರೆ ಧಾನ್ಯಗಳಿಗಿಂತ ಭತ್ತ ಅದನ್ನು ಹೆಚ್ಚು ಹೀರುವ ಬೆಳೆ. ಬಂಗಾಳದ ಕಡೆ ಅನ್ನದಲ್ಲೂ ಆರ್ಸೆನಿಕ್ ಬಂದದ್ದು ಹೀಗೆ, ಅಲ್ಲಿ ಕೊಳವೆಬಾವಿಯ ನೀರಿನಿಂದ. ಮತ್ತೊಂದು, ನಾವು ಹಾಕುವ ರಂಜಕದ ಗೊಬ್ಬರ ಪಾಷಾಣಕ್ಕೆ ಪ್ರತಿಸ್ಪರ್ಧಿ ಇದ್ದ ಹಾಗೆ. ಮಣ್ಣಿನ ಕಣದ ಮೇಲೆ ಇದು ಕೂತರೆ ಅದು ಎದ್ದು ನೀರಿಗೆ ಬರುತ್ತದೆ.

ಅಡಿಕೆ, ತೆಂಗಿನ ಕಾಯಿಯೊಳಗೆ ಇದು ಬಹಳ ಹೋಗುವುದಿಲ್ಲ. ಸೊಪ್ಪುತರಕಾರಿ, ಗೆಡ್ಡೆ ಇವುಗಳಿಗೆ ಹೋಗುತ್ತದೆ, ಮಣ್ಣೂ ಮೆತ್ತಿಕೊಂಡು ಅಡುಗೆಮನೆಗೆ ಬರುತ್ತದೆ. ತೋಟದಲ್ಲಿ ಕೆಸು, ಹರಿವೆ, ಅರಿಶಿನ ಬೆಳೆಯುವವರು ಇದನ್ನು ಗಮನಿಸಬೇಕು. ಎಲ್ಲಕ್ಕಿಂತ ಮುಖ್ಯ ದಾರಿ ಮಕ್ಕಳ ಕೈ. ಅಡಿಕೆ ಹೆಕ್ಕಲು ಹೋದ ಮಗು ಮಣ್ಣಿನಲ್ಲಿ ಆಡುತ್ತದೆ, ಅದೇ ಕೈ ಬಾಯಿಗೆ. ದೊಡ್ಡವರ ದೇಹಕ್ಕೆ ಸಣ್ಣದಾದದ್ದು ಹತ್ತು ಹನ್ನೆರಡು ಕಿಲೋ ತೂಕದ ಮಗುವಿಗೆ ಸಣ್ಣದಲ್ಲ.

ಆರ್ಸೆನಿಕ್ ಏನು ಮಾಡುತ್ತದೆ ಎಂದು ತಿಳಿಯಲು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ನಮ್ಮದೇ ಯಾದಗಿರಿ ಜಿಲ್ಲೆಯ ಸುರಪುರ ತಾಲೂಕಿನಲ್ಲಿ ಕಿರದಳ್ಳಿ ತಾಂಡಾ ಎಂಬ ಊರಿದೆ. ಹಳೆಯ ಚಿನ್ನದ ಗಣಿ ಸೀಮೆ. ಅಲ್ಲಿ ಮರದಿಂದಲ್ಲ, ನೆಲದ ಬಂಡೆಯಿಂದ ಮತ್ತು ಗಣಿಗಾರಿಕೆಯಿಂದ ಕುಡಿಯುವ ನೀರಿಗೆ ಆರ್ಸೆನಿಕ್ ಸೇರಿತ್ತು. ಅಂಗೈ ಅಂಗಾಲು ಗಡುಸಾಗಿ ಗಂಟುಗಂಟಾಗುವುದು, ಮೈಮೇಲೆ ಕಪ್ಪು ಚುಕ್ಕೆ, ಕೆಲವರಿಗೆ ಕ್ಯಾನ್ಸರ್. ಇದೆಲ್ಲ ಒಂದು ದಿನದಲ್ಲಿ ಬರುವುದಲ್ಲ. ವರ್ಷಗಟ್ಟಲೆ ರುಚಿಯಿಲ್ಲದೆ, ವಾಸನೆಯಿಲ್ಲದೆ ಒಳಗೆ ಹೋಗಿ ಆಮೇಲೆ ಕಾಣಿಸುತ್ತದೆ. ಚರ್ಮ, ಶ್ವಾಸಕೋಶ, ಮೂತ್ರಕೋಶದ ಕ್ಯಾನ್ಸರಿಗೆ ಇದು ಕಾರಣ ಎಂಬುದರಲ್ಲಿ ವೈದ್ಯರಿಗೆ ಅನುಮಾನ ಉಳಿದಿಲ್ಲ. ನೀರು ಕುದಿಸಿದರೆ ಹೋಗುತ್ತದೆಯೋ ಎಂದು ಒಬ್ಬ ಅಕ್ಕ ಕೇಳಿದರು. ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದು ಇನ್ನಷ್ಟು ಗಟ್ಟಿಯಾಗುತ್ತದೆ.

ಈಗ ಒಲೆಯ ವಿಷಯಕ್ಕೆ ಬರುತ್ತೇವೆ. ನಮ್ಮ ಮಟ್ಟಿಗೆ ಮುಚ್ಚಿಗೆಗಿಂತ ಇದೇ ದೊಡ್ಡ ಭಯ. ಚಕ್ಕೆ ಬೇಡ ಎಂದು ತಿಳಿದ ಮೇಲೆ ನಮ್ಮವರಿಗೆ ಮೊದಲು ಹೊಳೆಯುವುದು “ಬಚ್ಚಲ ಒಲೆಗೆ ಹಾಕಿದರಾಯಿತು” ಎಂದು. ಹಾಗೆ ಮಾಡಲೇಬೇಡಿ. ಸುಟ್ಟಾಗ ಆರ್ಸೆನಿಕ್ಕಿನ ಒಂದಂಶ ಹೊಗೆಯಲ್ಲಿ ಹೋಗುತ್ತದೆ, ಮಿಕ್ಕಿದ್ದೆಲ್ಲ ಬೂದಿಯಲ್ಲಿ ಕೂಡಿಕೊಳ್ಳುತ್ತದೆ. ಒಂದು ಬುಟ್ಟಿ ಮರದಲ್ಲಿದ್ದದ್ದು ಒಂದು ಹಿಡಿ ಬೂದಿಗೆ ಬಂದಿತು ಎನ್ನಿ. ಕ್ರೋಮಿಯಂ ಕೂಡ ಬೆಂಕಿಯಲ್ಲಿ ಇನ್ನೂ ಕೆಟ್ಟ ರೂಪಕ್ಕೆ ತಿರುಗುತ್ತದೆ. ಬಚ್ಚಲ ಒಲೆಯ ಮುಂದೆ ಚಳಿ ಕಾಯಿಸುತ್ತಾ ಕೂರುವವರು ಯಾರು? ಅಜ್ಜಿ ಮತ್ತು ಮಕ್ಕಳು. ಆ ಬೂದಿ ಹೋಗುವುದೆಲ್ಲಿಗೆ? ಪಾತ್ರೆ ತಿಕ್ಕಲು, ಬದನೆ ಮೆಣಸಿನ ಸಸಿಗೆ ಉದುರಿಸಲು, ಗೊಬ್ಬರಗುಂಡಿಗೆ.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಒಂದು ಹಳ್ಳಿಮನೆಯ ಕಥೆ 1984ರಲ್ಲಿ ಅಲ್ಲಿನ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದಿತ್ತು. ಎಂಟು ಜನರ ಸಂಸಾರ. ಪ್ರತಿ ಚಳಿಗಾಲದಲ್ಲಿ ಎಲ್ಲರಿಗೂ ಕಾಯಿಲೆ, ತಲೆನೋವು, ಚರ್ಮದ ತೊಂದರೆ, ಕೂದಲು ಉದುರುವುದು, ಮಕ್ಕಳಿಗೆ ಫಿಟ್ಸ್. ಬೇಸಿಗೆ ಬಂದರೆ ಗುಣ. ವೈದ್ಯರಿಗೆ ತಲೆಬುಡ ತಿಳಿಯಲಿಲ್ಲ. ಕೊನೆಗೆ ಕೂದಲು, ಉಗುರು ಪರೀಕ್ಷೆ ಮಾಡಿದಾಗ ಆರ್ಸೆನಿಕ್ ಸಿಕ್ಕಿತು. ಚಳಿಗೆ ಅವರು ಒಲೆಯಲ್ಲಿ ಉರಿಸುತ್ತಿದ್ದದ್ದು ಈ ಔಷಧಿ ಕುಡಿಸಿದ ಮರದ ಚೂರುಗಳನ್ನು. ಪುಕ್ಕಟೆ ಸಿಕ್ಕಿದ ಸೌದೆ, ಮತ್ತೇನಿಲ್ಲ.

ದನಗಳ ವಿಷಯ ಹೇಳಿಬಿಡುತ್ತೇವೆ. ಈ ಬೂದಿಯಲ್ಲಿ ಉಪ್ಪಿನಂಶ ಇರುವುದರಿಂದ ದನ ನೆಕ್ಕುತ್ತವೆ. ಆಸ್ಟ್ರೇಲಿಯಾದಲ್ಲಿ ಇಂಥ ಬೇಲಿಗೂಟ ಸುಟ್ಟ ಜಾಗದ ಬೂದಿ ನೆಕ್ಕಿ ಜಾನುವಾರು ಸತ್ತಿದ್ದಿದೆ. ನಮ್ಮ ಒಬ್ಬ ಸದಸ್ಯರು ಸಣ್ಣ ಚಕ್ಕೆಯನ್ನು ಜರಡಿ ಹಿಡಿದು ಕೊಟ್ಟಿಗೆಗೆ ಹಾಸಿದ್ದರು. ಹೇಳಿದ ದಿನವೇ ಎತ್ತಿ ತೆಗೆದರು. ಕರುಗಳು ಸುಖವಾಗಿವೆ.

ಹಸಿರು ಚಕ್ಕೆಯ ಮಾತಾಯಿತು. ಡಾಂಬರು ವಾಸನೆಯದ್ದು ಬೇರೆ. ಅದು ಕ್ರಿಯೋಸೋಟ್ ಎಂಬ ಕಲ್ಲಿದ್ದಲ ಎಣ್ಣೆ ಕುಡಿಸಿದ ಮರ, ಮುಖ್ಯವಾಗಿ ರೈಲ್ವೆ ಸ್ಲೀಪರ್. ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂದಾಗ, ಮರದ ಸ್ಲೀಪರ್ ಹೋಗಿ ಸಿಮೆಂಟಿನದು ಬಂದಾಗ ಹಳೆಯವೆಲ್ಲ ಹರಾಜಾದವು. ನಮ್ಮೂರಿನಲ್ಲೂ ಸಂಕಕ್ಕೆ, ದಣಪೆಗೆ ಹಾಕಿಕೊಂಡವರಿದ್ದಾರೆ. ಸಂಕದಲ್ಲಿ ಇರಲಿ. ಕೊಚ್ಚಿ ಬುಡಕ್ಕೆ ಹಾಕುವುದು, ಸುಡುವುದು ಮಾತ್ರ ಬೇಡ. ಆ ಎಣ್ಣೆಯಲ್ಲೂ ಕ್ಯಾನ್ಸರ್ ತರುವ ವಸ್ತುಗಳಿವೆ, ಮುಟ್ಟಿದರೆ ಬಿಸಿಲಿಗೆ ಚರ್ಮ ಉರಿಯುತ್ತದೆ. ಬಣ್ಣ ಬಳಿದ ಹಳೆ ಬಾಗಿಲು ಕಿಟಕಿಯ ಚಕ್ಕೆಯಲ್ಲಿ ಸೀಸ ಇರಬಹುದು. ಪ್ಲೈವುಡ್ಡಿನಲ್ಲಿ ಅಂಟೂ ಇದೆ, ಹುಳದ ಔಷಧಿಯೂ ಇರುತ್ತದೆ. ರಬ್ಬರ್ ಮರಕ್ಕೆ ಸಾಮಾನ್ಯವಾಗಿ ಬೋರಾಕ್ಸ್ ಕುಡಿಸುತ್ತಾರೆ. ಅದು ಪಾಷಾಣದಷ್ಟು ಕ್ರೂರ ಅಲ್ಲ. ಆದರೆ ನೀರಿಗೆ ಬೇಗ ಬಿಡುತ್ತದೆ, ಜಾಸ್ತಿಯಾದರೆ ಗಿಡದ ಎಲೆಯಂಚು ಸುಟ್ಟ ಹಾಗಾಗುತ್ತದೆ. ಪರದೇಶದಿಂದ ಬರುವ ಪ್ಯಾಕಿಂಗ್ ಮರದ ಮೇಲೆ ಮುದ್ರೆ ಇರುತ್ತದೆ. ಎಚ್‌ಟಿ ಎಂದಿದ್ದರೆ ಬರೀ ಶಾಖ ಕೊಟ್ಟದ್ದು, ಎಂಬಿ ಎಂದಿದ್ದರೆ ವಿಷದ ಅನಿಲ ಕೊಟ್ಟದ್ದು. ಕೊಚ್ಚಿದ ಮೇಲೆ ಮುದ್ರೆ ಎಲ್ಲಿ ಹುಡುಕುವುದು?

ಅದೇ ನಮ್ಮ ಮುಖ್ಯ ಮಾತು. ಹೊಸದಾದರೆ ಹಸಿರು ಕಾಣುತ್ತದೆ, ಹತ್ತಿಪ್ಪತ್ತು ವರ್ಷ ಬಿಸಿಲು ಕಂಡ ಮರ ಎಲ್ಲವೂ ಬೂದುಬಣ್ಣ. ಕೊಚ್ಚಿದ ಮೇಲೆ ಕಣ್ಣಿನಿಂದ, ಮೂಗಿನಿಂದ ಪೂರ್ತಿ ಗುರುತಿಸಲು ಯಾರಿಂದಲೂ ಆಗದು. ಆದ್ದರಿಂದ ಚಕ್ಕೆಯನ್ನು ನೋಡಿ ಕೊಳ್ಳುವುದಲ್ಲ, ಮರವನ್ನು ನೋಡಿ ಕೊಳ್ಳಬೇಕು. ಯಾವ ಮಿಲ್ಲು, ಯಾವ ಮರ, ಹಸಿಯದೋ ಹಳೆಯದೋ ಎಂದು ಬರೆದುಕೊಟ್ಟರೆ ಮಾತ್ರ ಸಂಘ ತೆಗೆದುಕೊಳ್ಳಬೇಕು ಎಂದು ನಿರ್ದೇಶಕ ಮಂಡಳಿಗೆ ಲಿಖಿತವಾಗಿ ಕೊಟ್ಟಿದ್ದೇವೆ. ಮಾವು, ಹಲಸು, ಅಕೇಶಿಯಾ ಹೀಗೆ ಇಲ್ಲೇ ಕಡಿದು ಇಲ್ಲೇ ಕೊಯ್ದ ಮರದ ಹೊಟ್ಟು, ಚಕ್ಕೆಗೆ ಹೆದರಬೇಕಾಗಿಲ್ಲ. ಒಂದು ಮಳೆಗಾಲ ಹಳಸಿ ಹಾಕಿದರೆ ಒಳ್ಳೆಯದು, ಹಸಿಯದಾಗಿ ಮಣ್ಣಿಗೆ ಬೆರೆಸಿದರೆ ಸಾರಜನಕ ಎಳೆದುಕೊಂಡು ಗಿಡ ಹಳದಿ ತಿರುಗುತ್ತದೆ. ನಮ್ಮ ಅಂಗಳದಲ್ಲೇ ಬೀಳುವ ಅಡಿಕೆ ಸಿಪ್ಪೆ, ಸೋಗೆ, ಹಾಳೆ, ತೆಂಗಿನ ಗರಿ ಎಷ್ಟು ದಂಡವಾಗುತ್ತಿದೆ ಎಂದು ಒಮ್ಮೆ ಲೆಕ್ಕ ಹಾಕಿ. ಸಿಪ್ಪೆಯನ್ನು ರಸ್ತೆ ಬದಿಗೆ ಸುರಿದು ಬೆಂಕಿ ಹಾಕುತ್ತೇವೆ, ಆಮೇಲೆ ಪಟ್ಟಣದಿಂದ ಚಕ್ಕೆ ತರಿಸುತ್ತೇವೆ. ಬೇಲಿಗೆ ಗ್ಲಿರಿಸಿಡಿಯಾ ಹಚ್ಚಿದರೆ ವರ್ಷಕ್ಕೆ ಎರಡು ಮೂರು ಸಲ ಸೊಪ್ಪು ಸಿಗುತ್ತದೆ. ಈ ಮಳೆಗಾಲಕ್ಕೆ ಕೋಲು ಸಂಘದಿಂದ ಕೊಡಬಹುದು.

ಇನ್ನು ಹಾಕಿದ್ದರ ಗತಿ. ಚಕ್ಕೆ ಬಿದ್ದ ಮೇಲೆ ಇನ್ನೂ ಒಂದು ಹನಿ ಮಳೆ ಬಿದ್ದಿಲ್ಲ. ಸ್ಪ್ರಿಂಕ್ಲರ್ ಹಾಕುವ ಐದಾರು ತೋಟ ಬಿಟ್ಟರೆ ಉಳಿದವುಗಳಲ್ಲಿ ಚಕ್ಕೆ ಒಣಗಿಯೇ ಇದೆ. ಮಳೆಗೆ ಆರೇಳು ವಾರ ಇದೆ. ಅದಕ್ಕೇ ಮಹಾಸಭೆಯ ತನಕ ಕಾಯಲಾಗದು ಎಂದದ್ದು. ಹದಿನೇಳು ತೋಟದ್ದನ್ನೂ ಎತ್ತಬೇಕು. ಕುಂಟೆಯಿಂದ ಎಳೆದು, ಮೇಲಿನ ಅರ್ಧ ಇಂಚು ಮಣ್ಣನ್ನೂ ಸೇರಿಸಿ, ಗೊಬ್ಬರದ ಖಾಲಿ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಕಟ್ಟಬೇಕು. ಪೂರ್ತಿ ಬರುವುದಿಲ್ಲ. ಬಂದಷ್ಟು ಬಂತು, ಬರದೆ ಉಳಿದದ್ದು ಬಂದದ್ದಕ್ಕಿಂತ ಕಡಿಮೆ ಇರುತ್ತದೆ. ಗೋದಾಮಿನ ರಾಶಿಯನ್ನೂ ಸೇರಿಸಿ ಸಿಮೆಂಟ್ ನೆಲದ ಮೇಲೆ ಮಾಡಿನಡಿ ಇಡಬೇಕು. ಮಾರಿದವನಿಗೆ ವಾಪಸು ಒಯ್ಯಲು ಎರಡು ಸಲ ಬರೆದಿದ್ದೇವೆ. ಅವನು ಒಯ್ದು ಇನ್ನೊಂದು ಊರಿಗೆ ಮಾರಿದರೆ? ಆ ಪ್ರಶ್ನೆಯನ್ನು ನಮ್ಮಲ್ಲೇ ಒಬ್ಬರು ಎತ್ತಿದರು. ಆದ್ದರಿಂದ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೂ ಅರ್ಜಿ ಕೊಡುತ್ತಿದ್ದೇವೆ. ಅವರು ಹೇಳಿದ ಜಾಗಕ್ಕೇ ಅದು ಹೋಗಬೇಕು. ಅಲ್ಲಿಯ ತನಕ ನಮ್ಮ ಗೋದಾಮಿನಲ್ಲೇ ಇರಲಿ. ನಾವು ತಂದ ಕಸ, ನಾವೇ ಕಾಯೋಣ.

ದುಡ್ಡಿನ ವಿಷಯ ಮಾತಾಡದಿದ್ದರೆ ನೀವು ಬಿಡುವುದಿಲ್ಲ. ಹದಿನೇಳು ಸದಸ್ಯರು ಚಕ್ಕೆಗೆ ಕೊಟ್ಟ ಹಣವನ್ನು ಸಂಘ ವಾಪಸು ಕೊಡಬೇಕು ಎಂಬುದು ಉಪಸಮಿತಿಯ ಶಿಫಾರಸು. ಎತ್ತುವ ಆಳಿನ ಖರ್ಚನ್ನೂ ಸಂಘವೇ ಹೊರಬೇಕು. ಹೊಳೆಬದಿಯ ಬಾವಿಗಳ ನೀರನ್ನು ಈಗ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ಪರೀಕ್ಷೆ ಮಾಡಿಸಬೇಕು. ಈಗಿನದು ಯಾಕೆಂದರೆ ಮೊದಲು ಎಷ್ಟಿತ್ತು ಎಂದು ತಿಳಿಯದೆ ಆಮೇಲಿನದಕ್ಕೆ ಅರ್ಥ ಇರುವುದಿಲ್ಲ. ಇದಕ್ಕೆಲ್ಲ ಹಣ ಎಲ್ಲಿಂದ ಎಂದರೆ, ಬೆಳ್ಳಿಹಬ್ಬದ ಸಮಾರೋಪಕ್ಕೆಂದು ತೆಗೆದಿಟ್ಟದ್ದರಲ್ಲಿ ಶಾಮಿಯಾನ, ನಾಟಕ ಕಂಪನಿ ಎರಡನ್ನೂ ಕೈಬಿಟ್ಟರೆ ಬಹುಪಾಲು ಆಗುತ್ತದೆ. ನಾಟಕ ಬೇಡ ಎನ್ನಲು ನಮಗೂ ಮನಸ್ಸಿಲ್ಲ. ನಮ್ಮ ಮೂವರಲ್ಲಿ ಒಬ್ಬರು ಭೀಮನ ಪಾತ್ರ ಮಾಡಬೇಕಿತ್ತು. ಮಂಡಳಿ ಏನು ತೀರ್ಮಾನ ಮಾಡುತ್ತದೋ ನೋಡೋಣ, ಅಧ್ಯಕ್ಷರು ಇಲ್ಲೇ ಇದ್ದಾರೆ.

ಬರುವ ಶನಿವಾರ ಬೆಳಿಗ್ಗೆ ಏಳು ಗಂಟೆಗೆ ಹೊಳೆಬದಿಯ ನಾಲ್ಕು ತೋಟಗಳಿಂದ ಎತ್ತುವ ಕೆಲಸ ಶುರು. ನೀರಿಗೆ ಹತ್ತಿರ ಇರುವುದರಿಂದ ಅವೇ ಮೊದಲು. ಬರುವವರು ಪೂರ್ತಿ ತೋಳಿನ ಹಳೆ ಅಂಗಿ ಹಾಕಿಕೊಳ್ಳಿ, ಬಾಯಿಗೆ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಕೈಗವಸು ಸಂಘದಲ್ಲಿ ತಂದಿಟ್ಟಿದೆ. ಧೂಳು ಏಳದ ಹಾಗೆ ಚಕ್ಕೆಗೆ ನೀರು ಚ್ಯುಮುಕಿಸಿಕೊಂಡರೆ ಸಾಕು, ಹರಿಯುವಷ್ಟು ಬೇಡ. ಕವಳ ಹಾಕುವವರು ಕೈ ತೊಳೆದೇ ಹಾಕಬೇಕು, ಇದನ್ನು ದಯವಿಟ್ಟು ತಮಾಷೆ ಎಂದು ತಿಳಿಯಬೇಡಿ. ಮನೆಗೆ ಹೋಗಿ ಆ ಬಟ್ಟೆಯನ್ನು ಬೇರೆಯೇ ಒಗೆಯಿರಿ. ಮಕ್ಕಳನ್ನು ಕರೆತರಬೇಡಿ. ಮಧ್ಯಾಹ್ನದ ಊಟ ಶಾಲೆಯ ಜಗಲಿಯಲ್ಲಿ. ಚಕ್ಕೆಯನ್ನು ಗೊಬ್ಬರಗುಂಡಿಗೆ ಹಾಕಿದ ಇಬ್ಬರೂ ಇವತ್ತು ಸಭೆ ಮುಗಿದ ಮೇಲೆ ನಮ್ಮನ್ನು ಒಮ್ಮೆ ನೋಡಿ ಹೋಗಬೇಕು.